ಚೀಲದ ತಳದ ಪಂಪು

ನನ್ನ ಅಪ್ಪನಿಗೆ ನಂಜನಗೂಡಿನಲ್ಲಿ ಪಂಚರ್ ಅಂಗಡಿ ಇತ್ತು. ಈ ಒಂದು ವಾಕ್ಯ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು.

ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ತಗಡು, ನೀರು ತುಂಬಿದ ಬಾಂಡ್ಲಿ, ಹಗ್ಗಕ್ಕೆ ಪೋಣಿಸಿದ ಹಳೆಯ ಟೈರುಗಳು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದುದು ಅಲ್ಲೇ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಟೈರು ಬಿಚ್ಚುವುದು, ಟ್ಯೂಬನ್ನು ನೀರಿಗದ್ದಿ ಗುಳ್ಳೆ ಹುಡುಕುವುದು, ಉಜ್ಜಿ ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕುವುದು ಎಲ್ಲ ಕೈಗೆ ಬಂದಿತ್ತು. ಅಪ್ಪ ಊಟಕ್ಕೆ ಹೋದಾಗ ಬಂದ ಗಿರಾಕಿಗಳನ್ನು ನಾನೇ ಸುಧಾರಿಸುತ್ತಿದ್ದೆ. ಆಗೆಲ್ಲ ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು.

ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಸೇರಿದಾಗ ಹಾಸ್ಟೆಲ್ಲಿನ ಹುಡುಗಿಯರು ನನ್ನ ಉಗುರಿನ ಸಂದಿಯ ಕಪ್ಪು ನೋಡಿ 'ಪಂಚರ್' ಎಂದು ಹೆಸರಿಟ್ಟರು. ಎರಡು ವರ್ಷ ಅದೇ ಹೆಸರಿನಲ್ಲಿ ಕರೆಸಿಕೊಂಡೆ. ನಕ್ಕು ಸುಮ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಚ್ಚಲಿಗೆ ಹೋಗಿ ಅತ್ತಿದ್ದೇನೆ, ಇಟ್ಟಿಗೆ ಚೂರಿನಲ್ಲಿ ಉಗುರು ತಿಕ್ಕಿ ರಕ್ತ ಬರಿಸಿಕೊಂಡಿದ್ದೇನೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೆಲಸ ಸಿಕ್ಕಿ, ತಿ. ನರಸೀಪುರ ತಾಲ್ಲೂಕಿನಲ್ಲಿ ಮೂಗೂರಿನ ಕಡೆಯ ಒಂದು ಹಳ್ಳಿಯ ಶಾಲೆಗೆ ಹಾಕಿದರು. ಇನ್ನು ಮೇಲೆ ಯಾರು ಕೇಳಿದರೂ ನಮ್ಮಪ್ಪನದು 'ಬಿಸಿನೆಸ್' ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ.

ಆ ಶಾಲೆಯಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರಾದ ಇನ್ನೊಬ್ಬ ಟೀಚರ್ ಇದ್ದರು. ಅವರನ್ನು ಅಕ್ಕ ಎನ್ನುತ್ತಿದ್ದೆ. ತಾಂಡವಪುರದವರು. ಗಂಡ ಲಾರಿ ಓಡಿಸುತ್ತಿದ್ದರು, ಊರಲ್ಲಿ ನಿಲ್ಲುತ್ತಿದ್ದುದು ಅಪರೂಪ. ಎರಡು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದರು. ನಾವಿಬ್ಬರೂ ನರಸೀಪುರದಲ್ಲಿ ಒಂದೇ ರೂಮು ಮಾಡಿಕೊಂಡಿದ್ದೆವು. ಶಾಲೆಗೆ ಹೋಗುವ ನಾಲೆ ಏರಿಯ ಮೇಲೆ ಬಸ್ಸಿಲ್ಲ, ಅಕ್ಕನಿಗೆ ಸೈಕಲ್ ಬರುವುದಿಲ್ಲ. ಹೀಗಾಗಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ಒಂದು ಕೈಯಲ್ಲಿ ಇಬ್ಬರ ಬುತ್ತಿ, ಇನ್ನೊಂದು ಕೈಯಲ್ಲಿ ನನ್ನ ಸೊಂಟ ಹಿಡಿದುಕೊಂಡು ದಿನಾ ಬರುತ್ತಿದ್ದರು. ದಾರಿಯುದ್ದಕ್ಕೂ ಮಗಳ ಮಾತು. ನಿನ್ನೆ ಏನು ತಿಂದಳಂತೆ, ಯಾರನ್ನು ಕಚ್ಚಿದಳಂತೆ, ಹೀಗೆ.

ಆ ದಾರಿಯಲ್ಲಿ ಚಳಿಗಾಲ ಬಂತೆಂದರೆ ಟೈರಿಗೆ ಕಷ್ಟ. ಮದ್ರಾಸಿನ ಕಡೆ ಸೈಕ್ಲೋನ್ ಎದ್ದರೆ ನಮ್ಮಲ್ಲಿ ಎರಡು ದಿನ ಜಡಿಮಳೆ. ಏರಿಯ ಕಪ್ಪು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಮಳೆ ನಿಂತರೆ ಕೊರೆಯುವ ಚಳಿ. ಬೆಳಗ್ಗೆ ಎದ್ದು ನೋಡಿದರೆ ಟೈರು ಮೆತ್ತಗಾಗಿರುತ್ತದೆ. ಮಧ್ಯಾಹ್ನ ಬಿಸಿಲೇರಿದಾಗ ಅದೇ ಟೈರು ಕಲ್ಲಿನಂತಾಗುತ್ತದೆ. ಭತ್ತದ ಕುಯ್ಲು ಮುಗಿದ ಮೇಲಂತೂ ಬೇಲಿಗೆಂದು ಜಾಲಿ ಕಡಿದು ಎಳೆದುಕೊಂಡು ಹೋಗುತ್ತಾರೆ, ದಾರಿಯ ತುಂಬ ಮುಳ್ಳು. ಇದೆಲ್ಲ ಗೊತ್ತಿದ್ದ ಅಪ್ಪ ದೀಪಾವಳಿ ರಜೆಗೆ ಸೈಕಲ್ ತರಲೇಬೇಕು ಎನ್ನುತ್ತಿದ್ದ. ತಂಗಿ ಓಡಿಸಬೇಕಂತೆ ಎಂದು ಅಕ್ಕನಿಗೆ ಸುಳ್ಳು ಹೇಳಿ, ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಒಯ್ಯುತ್ತಿದ್ದೆ.

"ಇಬ್ರು ಕೂತ್ಕಂಡು ಓಯ್ತೀರಿ, ಇಂದ್ಲ ಟೈರೇ ಎಲ್ಲಾ ತಡ್ಕಬೇಕು ಕಣವ್ವ," ಎಂದು ಹಿಂದಿನ ಚಕ್ರಕ್ಕೆ ಹೊಸ ಟೈರು ಹಾಕಿ, ಸವೆದಿದ್ದನ್ನು ಮುಂದಕ್ಕೆ ಹಾಕುತ್ತಿದ್ದ. "ಚಳಿಗೆ ಗಾಳಿ ತಡಿಯೋ ವಾಲ್ ಟ್ಯೂಬು ಬಿರುಕು ಬುಡ್ತದೆ, ಎರಡು ಮಡಿಕ. ಸಾಮಾನೆಲ್ಲ ಕಟ್ಟಿವ್ನಿ. ನೀನೇ ಆಕ್ಕಬೋದು, ಯಾರ್ನೂ ಕಾಯಂಗಿಲ್ಲ."

ಒಂದು ಚಿಕ್ಕ ಡಬ್ಬಿಯಲ್ಲಿ ಪ್ಯಾಚು, ಸಲ್ಯೂಷನ್, ಉಜ್ಜುವ ಕಾಗದ, ಟೈರು ಮೀಟಿ ಎಬ್ಬುವ ಎರಡು ಕಬ್ಬಿಣದ ಪಟ್ಟಿ. ಜೊತೆಗೆ ಮೊಳದುದ್ದದ ಒಂದು ಪಂಪು. ಅದನ್ನೆಲ್ಲ ಪೇಪರಿನಲ್ಲಿ ಸುತ್ತಿ ನನ್ನ ಚೀಲದ ತಳಕ್ಕೆ ಹಾಕಿ, ಮೇಲೆ ಮಕ್ಕಳ ಕಾಪಿ ಪುಸ್ತಕ ಜೋಡಿಸುತ್ತಿದ್ದೆ. ಅಕ್ಕ ಸ್ನಾನಕ್ಕೆ ಹೋದಾಗ ಮನೆಯ ಹಿಂದೆ ಕದ್ದು ಗಾಳಿ ಹೊಡೆಯುತ್ತಿದ್ದೆ. "ಊರೋರ ಸೈಕಲ್ಲೆಲ್ಲ ಚಳಿಗೆ ಸೊರಗೋಯ್ತವೆ, ನಿಂದು ಮಾತ್ರ ಗುಂಡ್ಗುಂಡಗೆ ಅದೆಯಲ್ಲಮ್ಮಿ!" ಎಂದು ಅಕ್ಕ ಬೆರಗಾಗುತ್ತಿದ್ದರು. ಕಂಪನಿ ಒಳ್ಳೇದು ಎನ್ನುತ್ತಿದ್ದೆ. ಕಳ್ಳತನಕ್ಕೂ ಇಷ್ಟು ಜೋಪಾನ ಬೇಕಾಗಿರಲಿಲ್ಲ.

ಎರಡು ಸಾವಿರ ಇಸವಿ ಕಳೆದ ಮೇಲಿನ ಒಂದು ಚಳಿಗಾಲ. ಬೇಸಿಗೆಯಲ್ಲಿ ಆಗಬೇಕಿದ್ದ ವರ್ಗಾವಣೆ ಕೌನ್ಸೆಲಿಂಗ್ ಮುಂದಕ್ಕೆ ಹೋಗಿ ಹೋಗಿ ಡಿಸೆಂಬರಿಗೆ ಬಂದಿತ್ತು. ತಾಂಡವಪುರದಿಂದ ನಡೆದೇ ಹೋಗಬಹುದಾದ ಒಂದು ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿ ಇದೆ ಎಂದು ಅಕ್ಕನಿಗೆ ಗೊತ್ತಾಗಿತ್ತು. ಸೀನಿಯಾರಿಟಿಯಲ್ಲಿ ಅವರ ನಂಬರು ಮುಂದಿತ್ತು. ಹತ್ತು ಗಂಟೆಯೊಳಗೆ ಮೈಸೂರಿಗೆ ಹೋಗಿ, ನಂಬರು ಕೂಗಿದಾಗ ಎದ್ದು ಆ ಊರಿನ ಹೆಸರು ಹೇಳಿದರೆ ಮುಗಿಯಿತು. ಅವರು ಒಂದು ವಾರ ನಿದ್ದೆ ಮಾಡಲಿಲ್ಲ. ಮಗಳಿಗೆಂದು ಕೆಂಪು ಸ್ವೆಟರ್ ಹೆಣೆಯಲು ಶುರು ಮಾಡಿದ್ದರು.

ಕೌನ್ಸೆಲಿಂಗಿನ ಹಿಂದಿನ ರಾತ್ರಿ ನೋಡಿದರೆ ಸರ್ವೀಸ್ ಸರ್ಟಿಫಿಕೇಟಿಗೆ ಮುಖ್ಯೋಪಾಧ್ಯಾಯರ ಸೀಲು ಬಿದ್ದಿಲ್ಲ. ಅವರು ಶಾಲೆಯ ಊರಿನಲ್ಲೇ ಇದ್ದವರು. ಮರುದಿನ ಬೆಳಗ್ಗೆ ಆರೂವರೆಗೆ ಮಂಜಿನಲ್ಲೇ ಇಬ್ಬರೂ ಸೈಕಲ್ಲಿನಲ್ಲಿ ಹೋಗಿ ಸೀಲು ಹಾಕಿಸಿಕೊಂಡೆವು. ನರಸೀಪುರದಿಂದ ಎಂಟೂವರೆಯ ಮೈಸೂರು ಬಸ್ಸು ಹಿಡಿಯಲು ಬೇಕಾದಷ್ಟು ಹೊತ್ತಿತ್ತು. ಅಕ್ಕ ಹಿಂದೆ ಕೂತು ಏನೋ ಗುನುಗುತ್ತಿದ್ದರು.

ಏಳೂಮುಕ್ಕಾಲಿಗೆ, ನರಸೀಪುರಕ್ಕೆ ಇನ್ನು ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ಹಿಂದಿನ ಚಕ್ರದಿಂದ ಬುಸ್ ಎಂಬ ಸದ್ದು ಬಂತು. ಇಳಿದು ನೋಡಿದೆ. ಹೆಬ್ಬೆರಳುದ್ದದ ಜಾಲಿ ಮುಳ್ಳು ಟೈರಿನಲ್ಲಿ ನಾಟಿಕೊಂಡಿತ್ತು.

ಚೀಲದಲ್ಲಿ ಸಾಮಾನೆಲ್ಲ ಇತ್ತು. ಟ್ಯೂಬ್ ಅದ್ದಲು ಪಕ್ಕದಲ್ಲೇ ನಾಲೆ ತುಂಬ ನೀರಿತ್ತು. ನನಗೆ ಎರಡು ಕೈಯೂ ಇದ್ದವು. ಆದರೆ ಏರಿಯ ಕೆಳಗೆ ನಾಲ್ಕೈದು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳ ತಾಯಂದಿರು. ಅವರಲ್ಲೊಬ್ಬಳು ತಲೆಯೆತ್ತಿ, "ಏನ್ ಟೀಚರಮ್ಮ, ಪಂಚರಾ?" ಎಂದು ಕೇಳಿದಳು. ಅವಳಿಗೆ ಪಾಪ ಏನು ಗೊತ್ತು. ನನ್ನ ಕಿವಿಗೆ ಮಾತ್ರ ಇಡೀ ಹಾಸ್ಟೆಲ್ಲು ನಕ್ಕಂತಾಯಿತು. ಇಸ್ತ್ರಿ ಮಾಡಿದ ಸೀರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಟೈರು ಎಬ್ಬುತ್ತಿರುವ ನಾನು, ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳುವ ನಾನು, ಇಷ್ಟೇ ಕಣ್ಣಿಗೆ ಕಾಣಿಸಿದ್ದು. ಪಕ್ಕದಲ್ಲಿ ನಿಂತ ಅಕ್ಕ ಕಾಣಿಸಲಿಲ್ಲ.

"ಏನಾರ ಮಾಡಕಾಯ್ತದಾ ಅಮ್ಮಿ?" ಎಂದರು ಅಕ್ಕ.

"ನಂಗೇನ್ ಗೊತ್ತಕ್ಕ. ಅಂಗಡಿಗೇ ಹೋಗ್ಬೇಕು," ಎಂದೆ.

ಎಷ್ಟು ಸಲೀಸಾಗಿ ಅಂದೆ ಎಂಬುದನ್ನು ನೆನೆದರೆ ಈಗಲೂ ಮೈ ಕುಗ್ಗುತ್ತದೆ. ಹೆಂಗಸರ ಕಣ್ಣು ಮರೆಯಾದ ಮೇಲಾದರೂ ನಿಲ್ಲಿಸಬಹುದಿತ್ತು. ಆದರೆ ಆಗಲೇ ಗೊತ್ತಿಲ್ಲ ಎಂದಾಗಿತ್ತು, ಈಗ ಪಂಪು ತೆಗೆದರೆ ಸುಳ್ಳಿಯಾಗುತ್ತೇನೆ. ಹೀಗೆ ಒಂದು ಸುಳ್ಳಿಗೆ ಕಾವಲಾಗಿ ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿದೆ. "ನೀವು ಬಿರಬಿರನೆ ಮುಂದೆ ಹೋಗಿ ಅಕ್ಕ," ಎಂದು ಒಂದು ಸಲ ಹೇಳಿದೆ. "ಈ ಮಂಜಲ್ಲಿ ನಿನ್ನೊಬ್ಳ್ನೇ ಬುಟ್ಟು ಓಗಕ್ಕಾದದಾ?" ಎಂದು ಅವರು ಹೋಗಲಿಲ್ಲ. ನನ್ನ ಕೈ ಸೋತಾಗ ಸೈಕಲ್ಲನ್ನು ತಾವೇ ತಳ್ಳಿದರು. ಚೀಲ ಹ್ಯಾಂಡಲ್ಲಿಗೆ ನೇತುಬಿದ್ದಿತ್ತು. ಅದರೊಳಗಿನ ಪಂಪಿನ ಭಾರವನ್ನೂ ಸೇರಿಸಿ ಅವರೇ ತಳ್ಳಿದರು.

ಬಸ್ ಸ್ಟ್ಯಾಂಡ್ ಮುಟ್ಟಿದಾಗ ಎಂಟೂವರೆಯ ಬಸ್ಸು ಹೊರಟುಹೋಗಿತ್ತು. ಮುಂದಿನದು ಬಂದದ್ದು ಒಂಬತ್ತೂಮುಕ್ಕಾಲಿಗೆ. ಅವರನ್ನು ಹತ್ತಿಸಿ, ನಾನು ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಪಂಚರ್ ಹಾಕಿದೆ. ಸೈಕಲ್ ಹತ್ತಿ ಶಾಲೆಗೂ ಹೋದೆ. ಹೆಂಗಸರು ಇನ್ನೂ ಬಟ್ಟೆ ಒಣಗಹಾಕುತ್ತಿದ್ದರು.

ಅಕ್ಕ ಸಂಜೆ ಬಂದರು. ಅವರು ಹೋಗಿ ತಲುಪುವ ಮೊದಲೇ ಅವರ ನಂಬರನ್ನು ಮೂರು ಸಲ ಕೂಗಿ, ಇಲ್ಲವೆಂದು ಮುಂದಿನವರಿಗೆ ಹೋಗಿದ್ದರಂತೆ. ತಾಂಡವಪುರದ ಹತ್ತಿರದ ಜಾಗವನ್ನು ಅವರ ಹಿಂದಿನ ನಂಬರಿನವರೇ ತೆಗೆದುಕೊಂಡಿದ್ದರು. ಉಳಿದ ಜಾಗಗಳೆಲ್ಲ ಇನ್ನೂ ದೂರದವು. ಅಕ್ಕ ಬರಿಗೈಯಲ್ಲಿ ವಾಪಸು ಬಂದಿದ್ದರು.

ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ನೀನೇನ್ ಮಾಡಿಯೇ, ನನ್ ಅಣೆಬರ," ಎಂದರು. ಆಮೇಲೆ ಮುಖ ತೊಳೆದುಕೊಂಡು ಬಂದು, "ಅಂಗಡಿಲಿ ಪಂಚರ್ ಆಕುಸ್ದಾ? ಬೇಗ ಆಕ್ಕೊಟ್ನಾ?" ಎಂದು ಕೇಳಿದರು. ಹೂಂ ಎಂದೆ. ಸ್ವೆಟರನ್ನು ಅವರು ಪೂರ್ತಿ ಮಾಡಿದರು. ಮಗಳಿಗೆ ಪೋಸ್ಟಿನಲ್ಲಿ ಕಳಿಸಿದರು.

ಮುಂದಿನ ವರ್ಷ ನನಗೆ ಮದುವೆಯಾಯಿತು. ಗಂಡ ಕೆಲಸ ಮಾಡುವ ಊರೆಂಬ ಲೆಕ್ಕದಲ್ಲಿ ನನಗೆ ನಂಜನಗೂಡಿನ ಕಡೆಗೇ ವರ್ಗವಾಯಿತು. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುವವರಿಲ್ಲದೆ ಅಕ್ಕ ಆ ವಯಸ್ಸಿನಲ್ಲಿ ಬಿದ್ದೆದ್ದು ಸೈಕಲ್ ಕಲಿತರೆಂದು ಕೇಳಿದೆ. ಅವರಿಗೆ ಮತ್ತೊಂದು ಕೌನ್ಸೆಲಿಂಗ್ ಸಿಕ್ಕಿ ಊರಿಗೆ ಬರುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಆ ಮೂರು ವರ್ಷದಲ್ಲಿ ನಾನು ಅವರಿಗೆ ಒಂದು ಕಾಗದವನ್ನೂ ಬರೆಯಲಿಲ್ಲ.

ಊರಿಗೆ ಬಂದ ಮೇಲೆ ಅವರೇ ಹೇಳಿಕಳಿಸಿದರು. ಒಂದು ಭಾನುವಾರ ಹೋದೆ. ಚಳಿಯ ಮೇಲಿನ ಹಿತವಾದ ಬಿಸಿಲು. ಅಂಗಳದಲ್ಲಿ ಸೈಕಲ್ ತಲೆಕೆಳಗು ಮಾಡಿ, ಮೊಣಕೈವರೆಗೆ ಕಪ್ಪು ಮಾಡಿಕೊಂಡು ಅಕ್ಕ ಕೂತಿದ್ದರು. ಮಗಳು ಜಗುಲಿಯ ಮೇಲೆ ಆಡುತ್ತಿದ್ದಳು. ಏಳು ವರ್ಷ ತುಂಬಿತ್ತು. ಕಾಲಿಗೆ ಏನೋ ಚುಚ್ಚಿತೆಂದು ಅತ್ತುಕೊಂಡು ಎದ್ದವಳು ಅಕ್ಕನ ಪಕ್ಕದಲ್ಲೇ ಹಾದು, ಒಳಗಿದ್ದ ಅಜ್ಜಿಯನ್ನು "ಅವ್ವಾ" ಎಂದು ಕರೆಯುತ್ತ ಓಡಿದಳು. ಅಕ್ಕ ಅರ್ಧ ಎದ್ದವರು ಮತ್ತೆ ಕೂತರು. "ಇನ್ನೂ ಒಗ್ಗಿಲ್ಲ ಕಣಮ್ಮಿ, ಒಗ್ತಾಳೆ," ಎಂದು ನಕ್ಕರು.

ಆಮೇಲೆ ಉತ್ಸಾಹದಿಂದ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಬಾ, ನಿಂಗೂ ಏಳ್ಕೊಡ್ತೀನಿ. ನರಸೀಪುರದಲ್ಲಿ ಅಂಗಡಿಯೋನ ಮುಂದೆ ಕೂತು ಕಲ್ತೆ. ಅವತ್ತು ನಮ್ಮಿಬ್ರಲ್ಲಿ ಒಬ್ರಿಗಾರ ಬಂದಿದ್ರೆ ಎಂಗಿರೋದು ಏಳು!"

ಪುಟ್ಟ ಮಗುವಿಗೆ ಅಕ್ಷರ ತಿದ್ದಿಸಿದಂತೆ ಒಂದೊಂದನ್ನೇ ಹೇಳಿಕೊಟ್ಟರು. ಇದು ಸಲ್ಯೂಷನ್, ಇದು ಒಣಗಬೇಕು, ಅವಸರ ಮಾಡಬಾರದು. ನಾನು ಹೂಂ, ಹೂಂ ಎನ್ನುತ್ತ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಪ್ಯಾಚ್ ಹಾಕಿ, ಟ್ಯೂಬನ್ನು ಟೈರಿನೊಳಗೆ ಸೇರಿಸಲು ಹೊರಟರು.

ಹಾಗೆ ಸೇರಿಸಿದರೆ ಮತ್ತೆ ಪಂಚರಾಗುತ್ತದೆ, ಮುಳ್ಳಿನ ತುದಿ ಒಳಗೇ ಉಳಿದಿರುತ್ತದೆ. ನಾನು ಯೋಚಿಸಿ ಮಾಡಿದ್ದಲ್ಲ. ನನ್ನ ಕೈ ತಾನಾಗಿ ಹೋಗಿ ಟೈರಿನ ಒಳಮೈಯನ್ನು ಸುತ್ತ ಸವರಿತು. ಬೆರಳಿಗೆ ಮೊನೆ ತಾಕಿತು. ಉಗುರಿನಲ್ಲಿ ಕಿತ್ತು ಹೊರಗೆಳೆದೆ. ಟೈರನ್ನು ತಿರುಗಿಸಿ ಇನ್ನೊಂದು ಸುತ್ತೂ ಸವರಿದೆ. ತಲೆಯೆತ್ತಿದಾಗ ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು.

"ಇದ್ನ ಯಾರ್ ಏಳ್ಕೊಟ್ರು ನಿಂಗೆ?"

"ನಮ್ಮಪ್ಪ. ನಮ್ಮಪ್ಪಂದು ಪಂಚರ್ ಅಂಗಡಿ ಅಕ್ಕ."

ಒಳಗೆ ಅಜ್ಜಿ ಮಗುವನ್ನು ಸಮಾಧಾನ ಮಾಡುತ್ತಿದ್ದುದು ಕೇಳಿಸುತ್ತಿತ್ತು.

"ಅವತ್ತೂ ಬತ್ತಿತ್ತಾ?"

"ಬರ್ತಿತ್ತು. ಸಾಮಾನೂ ಚೀಲದಲ್ಲೇ ಇತ್ತು."

"ಎಷ್ಟೊತ್ತು ಆಗೋದು?"

ಅರ್ಧ ಗಂಟೆ ಎನ್ನಬಹುದಿತ್ತು, ಹೇಗಿದ್ದರೂ ಬಸ್ಸು ತಪ್ಪುತ್ತಿತ್ತು ಎನ್ನಬಹುದಿತ್ತು.

"ಕಾಲು ಗಂಟೆ," ಎಂದೆ.

ಅಕ್ಕ ಕೈಯಲ್ಲಿದ್ದ ಟ್ಯೂಬನ್ನು ನನ್ನ ಮುಂದೆ ಇಟ್ಟು ಒಳಗೆ ಹೋದರು. ನಾನು ಟ್ಯೂಬ್ ಸೇರಿಸಿ, ಟೈರು ಕೂರಿಸಿ, ಗಾಳಿ ಹೊಡೆದು, ಸೈಕಲ್ಲನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸಿದೆ. ಎಲ್ಲ ಮುಗಿದ ಮೇಲೂ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದೆ. ಅವರು ಹೊರಗೆ ಬರಲಿಲ್ಲ.