ಬಿಸಿನೀರಿನ ಬುಗ್ಗೆಗೆ ಹೋದ ತಾಯಂದಿರು

ಬ್ರಿನಾ ತೋರ್ಕರ್‌ಗೆ ಒಂದು ಪುಸ್ತಕ ಹಿಡಿಸಲಿಲ್ಲವೆಂದರೆ ಅದನ್ನು ಬರೆದವರು ನಮ್ಮ ಕಣಿವೆಯ ಕಡೆ ತಲೆ ಹಾಕದಿರುವುದೇ ಒಳ್ಳೆಯದು. ನಮ್ಮ ಶಾಲೆಯ ಲೈಬ್ರರಿಯ ಬಾಗಿಲ ಪಕ್ಕ ಒಂದು ಹಲಗೆ ಇದೆ. ಓದಿದ ಪುಸ್ತಕದ ಬಗ್ಗೆ ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಅಲ್ಲಿ ಪಿನ್ನು ಚುಚ್ಚಬೇಕು. ಉಳಿದ ಮಕ್ಕಳು "ಚೆನ್ನಾಗಿದೆ, ನೀವೂ ಓದಿ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬ್ರಿನಾಳ ಚೀಟಿ ಹೀಗಿರುತ್ತಿತ್ತು: "ಈ ಕತೆಯ ಹುಡುಗಿ ಮುನ್ನೂರು ಪುಟ ಕಾಡಿನಲ್ಲಿ ಓಡುತ್ತಾಳೆ. ಒಂದು ದಿನವೂ ಬಟ್ಟೆ ಒಗೆಯುವುದಿಲ್ಲ. ಕೊನೆಗೆ ರಾಜಕುಮಾರ ಅವಳನ್ನು ತಬ್ಬಿಕೊಳ್ಳುತ್ತಾನೆ. ಅವನಿಗೆ ನೆಗಡಿ ಆಗಿದ್ದಿರಬೇಕು." ಇನ್ನೊಂದು: "ನಾನೂರು ವರ್ಷ ಬದುಕಿದ ಪಿಶಾಚಿಗೆ ಪ್ರೀತಿಸುವುದಕ್ಕೆ ನಮ್ಮ ಕ್ಲಾಸಿನಂಥ ಹುಡುಗಿಯೇ ಬೇಕಾಯಿತೇ? ಅಷ್ಟು ವರ್ಷ ಇವನು ಕಲಿತದ್ದಾದರೂ ಏನು?"

ನಾನು ಆ ಲೈಬ್ರರಿಯವಳು, ಮರ್ಯೆತಾ. ಮೂವತ್ತೊಂದು ವರ್ಷದಿಂದ ಈ ಕಣಿವೆಯ ಮಕ್ಕಳಿಗೆ ಪುಸ್ತಕ ಹಂಚುತ್ತಿದ್ದೇನೆ. ಮಕ್ಕಳು ವರ್ಷಕ್ಕೆ ಇಷ್ಟೆಂದು ಪುಸ್ತಕ ಓದಿ, ನನ್ನ ಮೇಜಿನ ಮುಂದೆ ಕೂತು ಅದರ ಬಗ್ಗೆ ಮಾತಾಡಿದರೆ ಓದಿನ ಬಿಲ್ಲೆ ಸಿಗುತ್ತದೆ. ಒಂದನೇ ತರಗತಿಯಿಂದ ಒಂಬತ್ತರವರೆಗೆ ಒಂದು ವರ್ಷವೂ ತಪ್ಪಿಸದಿದ್ದವರು ಚಿನ್ನದ ಓದುಗರು. ಬ್ರಿನಾ ತಪ್ಪಿಸಿದವಳಲ್ಲ. ಆದರೆ ಅವಳು ಮಾತಾಡುವಾಗ ಗಡಿಯಾರ ನೋಡುತ್ತಿದ್ದಳು. ಎರಡು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ನಾಲ್ಕಕ್ಕೆ. ಅವಳಿಗೆ ಆ ಎರಡು ತಾಸು ಇರಲಿಲ್ಲ.

ಯಾಕೆ ಇರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳ ತಾಯಿ ಯೆರ್ನೇಯಾಗೆ ನರದ ಕಾಯಿಲೆ. ಬ್ರಿನಾಗೆ ಒಂಬತ್ತಾಗಿದ್ದಾಗ ಗಾಲಿಕುರ್ಚಿಗೆ ಬಂದಳು. ತಂದೆ ಲಾರಿ ಓಡಿಸುತ್ತಾನೆ, ಎರಡು ವಾರಕ್ಕೊಂದು ಭಾನುವಾರ ಮನೆಗೆ ಬಂದು ನಿದ್ದೆ ಮಾಡಿ ಹೋಗುತ್ತಾನೆ. ಮನೆ ಇರುವುದು ಗುಡ್ಡದ ಮಗ್ಗುಲಲ್ಲಿ, ರಸ್ತೆಯಿಂದ ನಲವತ್ತಮೂರು ಮೆಟ್ಟಿಲು ಮೇಲೆ. ನವೆಂಬರಿನಿಂದ ಜನವರಿ ಮುಗಿಯುವವರೆಗೆ ಆ ಮಗ್ಗುಲಿಗೆ ಬಿಸಿಲು ಬೀಳುವುದಿಲ್ಲ. ಬೆಳಿಗ್ಗೆ ಐದೂವರೆಗೆ ಬ್ರಿನಾ ಏಳಬೇಕು. ಒಲೆ ಹೊತ್ತಿಸಿ, ತಾಯಿಯನ್ನು ಎಬ್ಬಿಸಿ, ತೊಳೆದು, ಬಟ್ಟೆ ಹಾಕಿ, ತಿನ್ನಿಸಿ, ಕಿಟಕಿಯ ಬಳಿ ಕೂರಿಸಿ ಬಸ್ಸು ಹಿಡಿಯಬೇಕು. ಮಧ್ಯಾಹ್ನ ಪಕ್ಕದ ಮನೆಯ ಸ್ತಾಂಕಾ ಸೂಪು ತಂದುಕೊಡುತ್ತಾಳೆ. ಎರಡೂಕಾಲಿಗೆ ಮತ್ತೆ ಬ್ರಿನಾ. ಐದು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವಳಲ್ಲ. ಶಾಲೆಯ ಪ್ರವಾಸಗಳಿಗೆಲ್ಲ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ನಾವೂ ನಂಬಿದಂತೆ ನಟಿಸುತ್ತಿದ್ದೆವು.

ಜನವರಿಯಲ್ಲಿ ಅವಳು ಏಳು ಸಂಪುಟದ ಒಂದು ಡ್ರ್ಯಾಗನ್ ಸರಣಿ ಮುಗಿಸಿ ಈ ಚೀಟಿ ಚುಚ್ಚಿದಳು:

"ಮಕ್ಕಳ ಪುಸ್ತಕದಲ್ಲಿ ಸಾಹಸ ಶುರುವಾಗಬೇಕಾದರೆ ಮೊದಲು ತಾಯಿ ಸಾಯಬೇಕು. ನಾನು ಎಣಿಸಿದ್ದೇನೆ. ಈ ವರ್ಷ ಓದಿದ ಮೂವತ್ತೊಂದು ಪುಸ್ತಕಗಳಲ್ಲಿ ಹತ್ತೊಂಬತ್ತು ತಾಯಂದಿರು ಇಪ್ಪತ್ತನೇ ಪುಟದೊಳಗೆ ತೀರಿಕೊಂಡಿದ್ದಾರೆ. ಬೆಂಕಿ, ಹಡಗು, ಜ್ವರ, ಒಬ್ಬಳಿಗೆ ಸಿಡಿಲು. ಈ ಡ್ರ್ಯಾಗನ್ ಪುಸ್ತಕದವಳು ಒಂಬತ್ತನೇ ಪುಟಕ್ಕೇ ಹೋದಳು. ಬರೆಯುವವರಿಗೆ ಬೇರೆ ಉಪಾಯ ಗೊತ್ತಿಲ್ಲ. ತಾಯಿ ಬದುಕಿದ್ದರೆ ಹುಡುಗಿ ಮನೆ ಬಿಟ್ಟು ಹೊರಡುವುದಿಲ್ಲ. ನನ್ನ ಅಮ್ಮ ಬದುಕಿದ್ದಾಳೆ. ನಾನು ಎಲ್ಲಿಗೂ ಹೊರಟಿಲ್ಲ."

ನಾನು ಓದಿ ನಕ್ಕೆ. ಸಿಡಿಲಿಗಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೊನೆಯ ಎರಡು ವಾಕ್ಯವನ್ನೂ ಅದೇ ನಗುವಿನಲ್ಲೇ ಓದಿಬಿಟ್ಟೆ. ಆಮೇಲೆ ಅವಳನ್ನು ಒಂದು ಮಾತು ಕೇಳದೆ, ಹದಿಹರೆಯದ ಓದುಗರ ಅಭಿಪ್ರಾಯಗಳ ಸ್ಪರ್ಧೆಯೊಂದಕ್ಕೆ ಅದನ್ನು ಕಳಿಸಿದೆ. ಓದು ಕಲಿಸುವವಳಿಗೇ ಓದಲು ಬರದಿದ್ದರೆ ಹೀಗಾಗುತ್ತದೆ.

ಮೇ ತಿಂಗಳಲ್ಲಿ ಪತ್ರ ಬಂತು. ಬ್ರಿನಾಗೆ ಮೊದಲ ಬಹುಮಾನ. ಜುಲೈಯಲ್ಲಿ ಪಿರಾನ್ ಹತ್ತಿರ, ಸಮುದ್ರದ ದಡದಲ್ಲಿ, ಬರೆಯುವ ಮಕ್ಕಳ ಶಿಬಿರ, ಏಳು ದಿನ. ಆಯ್ದ ಬರಹಗಳು ಪುಸ್ತಿಕೆಯಾಗಿ ಅಚ್ಚಾಗುತ್ತವೆ, ಬಿಲ್ಲೆ ಕೊಡುವ ಸಮಾರಂಭದಲ್ಲಿ ಶಾಲೆಯ ಪ್ರತಿ ಮನೆಗೂ ಒಂದು ಪ್ರತಿ. ಅಂದು ಅವಳು ಶಾಲೆಗೆ ಬಂದಿರಲಿಲ್ಲ. ನಾನು ಹಿಗ್ಗಿ, ವಾಲ್‌ನಟ್ ಸುರುಳಿ ರೊಟ್ಟಿಯ ಒಂದು ತುಂಡು ಕಟ್ಟಿಕೊಂಡು, ಏದುಸಿರು ಬಿಡುತ್ತಾ ಆ ನಲವತ್ತಮೂರು ಮೆಟ್ಟಿಲು ಹತ್ತಿದೆ.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬ್ರಿನಾ ತಾಯಿಗೆ ಗಟ್ಟಿಯಾಗಿ ಓದುತ್ತಿದ್ದಳು. ಅದೇ ಡ್ರ್ಯಾಗನ್ ಸರಣಿ, ಎರಡನೇ ಸಲ. ಒಂಬತ್ತನೇ ಪುಟ ನನಗೆ ಬಾಯಿಪಾಠ; ಕೋಟೆಗೆ ಬೆಂಕಿ ಬೀಳುತ್ತದೆ, ತಾಯಿ ಮಗಳನ್ನು ಕಿಟಕಿಯಿಂದಾಚೆ ತಳ್ಳಿ ತಾನು ಒಳಗೇ ಉಳಿಯುತ್ತಾಳೆ. ಬ್ರಿನಾ ಎಡವದೆ ಓದಿದಳು: "ಅಷ್ಟರಲ್ಲಿ ರಾಣಿಯು ಬಿಸಿನೀರಿನ ಬುಗ್ಗೆಗೆ ಹೊರಟಳು. ಮೂರು ವಾರ ಅಲ್ಲೇ ಇರಬೇಕೆಂದು ವೈದ್ಯರು ಹೇಳಿದ್ದರು. ಅವಳು ಹೋದ ಮೇಲೆ ಕೋಟೆಗೆ ಬೆಂಕಿ ಬಿತ್ತು."

"ಈ ರಾಣೀನೂ ಹೋದ್ಲಾ," ತಾಯಿಯ ದನಿ. "ಹೋದ ತಿಂಗಳು ಕಡಲ್ಗಳ್ಳರ ಕತೇಲೂ ಅಮ್ಮ ಬುಗ್ಗೆಗೇ ಹೋಗಿದ್ಲಲ್ಲೇ."

"ಎಲ್ಲಾರ್ಗೂ ಕೀಲು ನೋವು ಕಣಮ್ಮ. ಸುಮ್ನೆ ಕೇಳು."

ನನ್ನ ಕಾಲು ಅಲ್ಲೇ ನಿಂತಿತು. ಹತ್ತೊಂಬತ್ತು ತಾಯಂದಿರನ್ನು ಅವಳು ಈ ಕೋಣೆಯಲ್ಲಿ ಒಬ್ಬೊಬ್ಬರಾಗಿ ಬದುಕಿಸಿದ್ದಳು. ನಾನು ಆ ಹತ್ತೊಂಬತ್ತು ಹೆಣಗಳ ಲೆಕ್ಕವನ್ನು ಅಚ್ಚಿಗೆ ಕಳಿಸಿದ್ದೆ. ಪತ್ರವನ್ನು ಚೀಲದ ತಳಕ್ಕೆ ತುರುಕಿ, ರೊಟ್ಟಿ ಕೊಟ್ಟು, ಹವಾಮಾನದ ಬಗ್ಗೆ ಏನೋ ಗೊಣಗಿ ಹೊರಟೆ. ಆದರೆ ಬ್ರಿನಾ ಮೆಟ್ಟಿಲವರೆಗೆ ಬಂದಳು. ಇಷ್ಟು ಮೇಲೆ ಹತ್ತಿ ಯಾರೂ ಹವಾಮಾನದ ಮಾತಾಡಲು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಪತ್ರ ಕೊಡಬೇಕಾಯಿತು.

ಓದಿದಳು. ಮುಖ ಕೆಂಪಾಯಿತು.

"ಯಾರನ್ನ ಕೇಳಿ ಕಳ್ಸಿದ್ರಿ ಟೀಚರ್?"

"ತಪ್ಪಾಯ್ತು ಬ್ರಿನಾ."

"ಅದು ಹಲಗೇಗೆ ಬರ್ದಿದ್ದು. ಅಮ್ಮ ಈ ಮೆಟ್ಲು ಇಳಿಯಲ್ಲ, ಹಲಗೆ ಈ ಮೆಟ್ಲು ಹತ್ತಿ ಬರಲ್ಲ ಅಂತಾನೇ ಬರ್ದಿದ್ದು. ನನ್ಗೆ ಏನನ್ಸತ್ತೆ ಅಂತ ಬರೆಯೋಕೆ ಅದೊಂದೇ ಜಾಗ ಇದ್ದಿದ್ದು." ಸ್ವಲ್ಪ ಹೊತ್ತು ಕೆಳಗಿನ ರೈಲುಹಳಿ ನೋಡಿದಳು. "ಸಮುದ್ರಕ್ಕೆ ನಾನು ಹೋಗಲ್ಲ. ಹೇಗ್ ಹೋಗ್ಲಿ ನೀವೇ ಹೇಳಿ. ಅಮ್ಮಂಗೂ ಹೇಳ್ಬೇಡಿ. ಆ ಪುಸ್ತಕ ಮಾತ್ರ ಮನೇಗೆ ಬರ್ಬಾರ್ದು."

"ಬರಲ್ಲ. ನಾನು ನೋಡ್ಕೊಳ್ತೀನಿ."

ಆ ಬರಹ ತೆಗೆಸಿ ಎಂದು ಹೆಡ್‌ಮಾಸ್ಟರರನ್ನು ಬೇಡಿಕೊಂಡೆ, ಪುಸ್ತಿಕೆ ಆಗಲೇ ಅಚ್ಚಾಗಿ ಹೋಗಿತ್ತು. ಸಮಾರಂಭದ ದಿನ ತೋರ್ಕರ್ ಮನೆಯ ಪ್ರತಿಯನ್ನು ನನ್ನ ಕೈಚೀಲಕ್ಕೇ ಹಾಕಿಕೊಂಡೆ. ಬ್ರಿನಾ ವೇದಿಕೆಗೆ ಬಂದು, ಚಿನ್ನದ ಓದುಗರ ಸಾಲಿನಲ್ಲಿ ನಿಂತು, ಉಡುಗೊರೆಯ ಪುಸ್ತಕ ತೆಗೆದುಕೊಂಡು, ಗಡಿಯಾರ ನೋಡಿ, ಎರಡರ ಬಸ್ಸಿಗೆ ಓಡಿದಳು. ಬಚಾವಾದೆ ಎಂದುಕೊಂಡೆ. ಸ್ತಾಂಕಾಳ ಮೊಮ್ಮಗಳು ಐದನೇ ತರಗತಿಯಲ್ಲಿ ಇದ್ದಾಳೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮರುದಿನ ಆ ಪುಣ್ಯಾತಿಗಿತ್ತಿ ಸೂಪಿನ ಪಾತ್ರೆಯ ಜೊತೆಗೆ ಪುಸ್ತಿಕೆಯನ್ನೂ ಒಯ್ದು, "ನೋಡು ಯೆರ್ನೇಯಾ, ನಿನ್ ಮಗ್ಳು ಹೆಸರು ಮಾಡಿದ್ದಾಳೆ, ಸಮುದ್ರದ ಶಿಬಿರಕ್ಕೂ ಕರೆದಿದ್ದಾರಂತೆ" ಎಂದು ಅವಳ ಮುಂದೆ ತೆರೆದಿಟ್ಟು ಬಂದಿದ್ದಳು.

ಎರಡು ದಿನ ಬಿಟ್ಟು, ಬ್ರಿನಾ ಶಾಲೆಯಲ್ಲಿದ್ದ ಹೊತ್ತಿಗೆ, ಯೆರ್ನೇಯಾ ನನಗೆ ಹೇಳಿಕಳಿಸಿದಳು. ಆ ಮೆಟ್ಟಿಲುಗಳನ್ನು ನಾನು ಅಷ್ಟು ನಿಧಾನವಾಗಿ ಎಂದೂ ಹತ್ತಿಲ್ಲ. ಅವಳು ಕಿಟಕಿಯ ಬಳಿ ಕೂತಿದ್ದಳು. ಮುಂದೆ ಒಂದು ಮರದ ಚೌಕಟ್ಟು, ಅದರ ಮೇಲೆ ಡ್ರ್ಯಾಗನ್ ಪುಸ್ತಕದ ಮೂರನೇ ಸಂಪುಟ ತೆರೆದಿತ್ತು. ಬಲಗೈಯ ಎರಡು ಬೆರಳ ನಡುವೆ ಪೆನ್ಸಿಲ್, ರಬ್ಬರಿನ ತುದಿ ಮುಂದಕ್ಕೆ. ಅದರಿಂದ ಒತ್ತಿ ಒಂದು ಪುಟ ತಿರುಗಿಸಿ ನನಗೆ ತೋರಿಸಿದಳು. ಒಂದು ಪುಟಕ್ಕೆ ಅವಳಿಗೆ ಅರ್ಧ ನಿಮಿಷ ಹಿಡಿಯಿತು.

"ಅವ್ಳು ಸ್ಕೂಲಿಗೆ ಹೋದ್ಮೇಲೆ ಇದೇ ನನ್ ಕೆಲ್ಸ ಟೀಚರ್. ನಿನ್ನೆ ಅವ್ಳು ಓದಿದ್ದನ್ನ ಇವತ್ತು ನಾನು ಓದ್ತೀನಿ. ಪುಸ್ತಕ ಇಟ್ಟು ತೆಗೆಯೋದು ಸ್ತಾಂಕಾ. ನಾಲ್ಕು ವರ್ಷ ಆಯ್ತು."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ.

"ಮೊದ್ಲು ನಗು ಬಂತು. ಆಮೇಲೆ ಒಂದಿನ ಚೆನ್ನಾಗಿ ಅತ್ತೆ. ಈಗ ಯಾವ ಅಮ್ಮ ಯಾವ ಪುಟದಲ್ಲಿ ಬುಗ್ಗೆಗೆ ಹೋಗ್ತಾಳೆ ಅಂತ ಕಾಯ್ತಾ ಕೂತಿರ್ತೀನಿ." ಅವಳು ಉಸಿರು ತೆಗೆದುಕೊಂಡಳು. "ನಂಗೆ ಗೊತ್ತು ಅಂತ ಹೇಳಿದ್ರೆ ಅವ್ಳು ಓದೋದು ನಿಲ್ಲಿಸ್ತಾಳೆ ಅಂತ ಹೇಳ್ಲಿಲ್ಲ. ಅವ್ಳು ನನ್ನಿಂದ ಗುಟ್ಟು ಮುಚ್ಚಿಟ್ಲು, ನಾನು ಅವ್ಳಿಂದ ಮುಚ್ಚಿಟ್ಟೆ. ಇಬ್ರೂ ಇದೇ ಕೋಣೇಲಿ ಕೂತು. ಹೋಗ್ಲಿ, ನಂದೂ ಒಂದು ಚೀಟಿ ಇದೆ. ಬರ್ಕೊಳ್ತೀರಾ?"

ಅವಳು ಹೇಳಿದಳು, ನಾನು ಬರೆದೆ. ಮರುದಿನ ಬೆಳಿಗ್ಗೆ ಅದನ್ನು ಹಲಗೆಗೆ ಚುಚ್ಚಿದೆ.

"ಪುಸ್ತಕ: ಡ್ರ್ಯಾಗನ್ ಸರಣಿ, ಒಂದನೇ ಸಂಪುಟ. ಓದಿದವರು: ಯೆರ್ನೇಯಾ ತೋರ್ಕರ್, ನಲವತ್ತೊಂದು ವರ್ಷ. ಒಂಬತ್ತನೇ ಪುಟದಲ್ಲಿ ತಾಯಿ ಸಾಯುತ್ತಾಳೆ. ಆಮೇಲೆ ಅವಳನ್ನು ಯಾರಾದರೂ ನೆನೆಯುತ್ತಾರೋ ಎಂದು ನೋಡಲು ಕೊನೆಯವರೆಗೆ ಓದಿದೆ. ಎರಡು ಸಲ ನೆನೆದಿದ್ದಾರೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ನನ್ನ ಮಗಳು ಓದುವ ಪುಸ್ತಕದಲ್ಲಿ ತಾಯಿ ಬಿಸಿನೀರಿನ ಬುಗ್ಗೆಗೆ ಹೋಗುತ್ತಾಳೆ. ಅದೇ ವಾಸಿ. ಸಾಹಸ ಶುರುವಾಗಲು ಅಷ್ಟು ಸಾಕು ಎಂದು ನನ್ನ ಅಭಿಪ್ರಾಯ. ಬುಗ್ಗೆಗೆ ಹೋಗು ಎಂದು ಡಾಕ್ಟರು ನನಗೂ ಐದು ವರ್ಷದಿಂದ ಹೇಳುತ್ತಿದ್ದಾರೆ. ಬೀರು ಇಳಿಸಿದ ಹಾಗೆ ನನ್ನನ್ನು ನಾಲ್ಕು ಜನ ಹೊತ್ತು ಇಳಿಸುವುದನ್ನು ಊರು ನೋಡಬಾರದೆಂದು ನಾನೇ ಹೋಗಿರಲಿಲ್ಲ. ಜುಲೈಯಲ್ಲಿ ಮೂರು ವಾರ ಹೋಗುತ್ತಿದ್ದೇನೆ. ಹುಡುಗಿ ಸಮುದ್ರಕ್ಕೆ ಹೋಗಲಿ."

ಬ್ರಿನಾ ಅದರ ಮುಂದೆ ನಿಂತು ಎರಡು ಸಲ ಓದಿದಳು. ನಾನು ಕಾರ್ಡುಗಳನ್ನು ಜೋಡಿಸುವವಳಂತೆ ತಲೆ ತಗ್ಗಿಸಿದ್ದೆ.

"ನಾಲ್ಕು ವರ್ಷ," ಎಂದಳು. ಮೂಗು ಒರೆಸಿಕೊಂಡಳು. "ಎಷ್ಟು ನಕ್ಕಿರ್ಬೇಕು ಅವ್ಳು. ಕಡಲ್ಗಳ್ಳರ ಕತೇಲಿ ಹಡಗಿನ ಮಧ್ಯ ಬುಗ್ಗೆ ತಂದಿದ್ದೆ ನಾನು." ಆಮೇಲೆ ಪಿನ್ನು ಕಿತ್ತು, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡಳು. ಹಲಗೆಯ ಚೀಟಿ ಮನೆಗೆ ಒಯ್ಯಬಾರದೆಂಬುದು ನಿಯಮ. ನಾನು ನೋಡದವಳಂತೆ ಇನ್ನೊಂದು ಕಾರ್ಡು ತೆಗೆದುಕೊಂಡೆ.

ಜುಲೈ ಮೊದಲ ಶನಿವಾರ ಊರಿನ ಅಗ್ನಿಶಾಮಕ ತಂಡದ ನಾಲ್ವರು ಬಂದು ಯೆರ್ನೇಯಾಳನ್ನು ಕುರ್ಚಿ ಸಮೇತ ಎತ್ತಿದರು. ಊರವರೆಲ್ಲ ಕಿಟಕಿಯಲ್ಲಿದ್ದರು, ನಾಚಿಕೆಯಿಲ್ಲದೆ. ಅವಳು ಐದು ವರ್ಷದ ಮೇಲೆ ರಸ್ತೆಗೆ ಬಂದಿದ್ದಳು.

"ನಮ್ ಪಂಪಿಗಿಂತ ಹಗುರ ಇದೀಯಮ್ಮ," ಎಂದ ತಂಡದ ಯಜಮಾನ.

"ಪಂಪು ನಿನ್ ಹೆಂಡ್ತಿ ಮಾಡಿದ ಅಡುಗೆ ತಿನ್ನತ್ತೇನೋ," ಎಂದಳು ಯೆರ್ನೇಯಾ. ಎಲ್ಲರೂ ನಕ್ಕರು. ಬ್ರಿನಾ ಮಾತ್ರ ಮೆಟ್ಟಿಲೆಣಿಸುತ್ತಾ ಕುರ್ಚಿಯ ಹಿಂದೆ ಇಳಿದಳು, ಕೈ ಮುಂದೆ ಚಾಚಿಕೊಂಡು, ನಾಲ್ವರೂ ಒಟ್ಟಿಗೆ ಬಿಟ್ಟರೆ ತಾನೊಬ್ಬಳೇ ಹಿಡಿದುಬಿಡುವವಳಂತೆ. ಸೋಮವಾರ ನಾನೇ ಅವಳನ್ನು ಸಮುದ್ರದ ಕಡೆಯ ಬಸ್ಸಿಗೆ ಹತ್ತಿಸಿದೆ. ಏಳು ದಿನ. ನನ್ನ ತಪ್ಪು ಸರಿಹೋಯಿತೆಂದು ಅಂದು ರೊಟ್ಟಿಗೆ ಎರಡು ಪಟ್ಟು ವಾಲ್‌ನಟ್ ಹಾಕಿದೆ.

ಗುರುವಾರ ಬೆಳಿಗ್ಗೆ ನಾನು ಪುಸ್ತಕಗಳ ಧೂಳು ಹೊಡೆಯಲು ಶಾಲೆಗೆ ಹೋದೆ. ಲೈಬ್ರರಿಯ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಬ್ರಿನಾ ಕೂತಿದ್ದಳು. ಪಕ್ಕದಲ್ಲಿ ಚೀಲ. ಮೂಗಿನ ಮೇಲೆ ಬಿಸಿಲಿಗೆ ಸಿಪ್ಪೆ ಎದ್ದಿತ್ತು.

"ಏನಾಯ್ತೇ? ಅಮ್ಮಂಗೆ ಏನಾದ್ರೂ..."

"ಅಮ್ಮ ಚೆನ್ನಾಗಿದಾಳೆ. ಫೋನ್ ಮಾಡಿದ್ಲು. ಅಲ್ಲಿ ಯಾರೋ ಅಜ್ಜಿ ಜೊತೆ ಜಗಳ ಆಡ್ಕೊಂಡು ಆರಾಮಾಗಿದಾಳೆ. ನಾನ್ ಬಂದಿದ್ದು ಗೊತ್ತಿಲ್ಲ."

"ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ, ಒಳ್ಳೇವ್ರು ಎಲ್ಲ." ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಲ್ಲಿ ಎಲ್ಲಾರೂ ಒಂಬತ್ತರ ತನಕ ಮಲಗ್ತಾರೆ ಟೀಚರ್. ನಂಗೆ ಐದೂವರೆಗೆ ಎಚ್ಚರ ಆಗ್ಬಿಡತ್ತೆ. ಎದ್ದು ಕೂತ್ಕೊಳ್ತಿದ್ದೆ. ಸಮುದ್ರ ಅಲ್ಲೇ ಮುಂದೆ ಇರ್ತಿತ್ತು. ಎದ್ದೋಳು ಏನು ಮಾಡ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ."

ನಾನು ಬಾಗಿಲು ತೆರೆದೆ. ಅವಳು ಒಳಗೆ ಬಂದು, ನಾನು ಹೇಳುವ ಮೊದಲೇ ಒಂದು ಬಟ್ಟೆಚೂರು ಒದ್ದೆ ಮಾಡಿಕೊಂಡು, ಮೇಲಿನ ಅರೆಯಿಂದ ಧೂಳು ಒರೆಸತೊಡಗಿದಳು.