ಬೆರಕೆಸೊಪ್ಪಿನ ಸಾರು ಮತ್ತು ನನ್ನ ಕಥಾನಾಯಕ

ಥೂ, ಆ ಊಟವನ್ನು ಈಗಲೂ ಮರೆಯಲಾಗಿಲ್ಲ. ನನ್ನ ಮೊದಲ ಕಾದಂಬರಿಯನ್ನು ಅಚ್ಚು ಹಾಕಿಸಲು ಒಪ್ಪಿದ್ದ ಪ್ರಕಾಶಕರು ಪಾಂಡವಪುರದ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು.

ಅದೊಂದು ಮಾಯಾಲೋಕದ ದೊಡ್ಡ ಕಥೆ. ಮಾತಾಡುವ ನದಿ, ತಾನಾಗಿ ಮುಚ್ಚಿಕೊಳ್ಳುವ ಕೋಟೆ, ತಲೆಮಾರುಗಳಿಂದ ಕಾದಾಡುವ ಎರಡು ಕುಲ. ಎರಡೂ ಕುಲಕ್ಕೆ ಸೇರಿದ ಹುಡುಗನೇ ನಾಯಕ. ಅವನನ್ನು ಹುಡುಕಿಕೊಂಡು ನಾನೇನೂ ದೂರ ಹೋಗಲಿಲ್ಲ. ಅಮ್ಮ ಶ್ರೀರಂಗಪಟ್ಟಣದ ಅರ್ಚಕರ ಮಗಳು, ಅಪ್ಪ ನಾಗಮಂಗಲದ ಸಾಬರು, ಲಾರಿ ಮೆಕ್ಯಾನಿಕ್. ನನ್ನ ಹೆಸರು ಅಮ್ಮ ಇಟ್ಟದ್ದು, ಅವಳ ಕಡೆಯದೇ. ಪ್ರಕಾಶಕರಿಗೆ ಗೊತ್ತಿದ್ದದ್ದು ಆ ಹೆಸರಷ್ಟೇ.

ತಟ್ಟೆಗೆ ಮುದ್ದೆ ಬಿತ್ತು, ಬೆರಕೆಸೊಪ್ಪಿನ ಸಾರು ಬಂತು. ಹೊಲದ ಬದುವಿನಲ್ಲಿ ಸಿಕ್ಕ ಸೊಪ್ಪನ್ನೆಲ್ಲ ಕೂಡಿಸಿ ಬೇಯಿಸಿದ್ದು. ಪ್ರಕಾಶಕರು ಸೊರಸೊರ ಹೀರಿದರು.

“ಒಂದೇ ಸೊಪ್ಪಲ್ಲಿ ಏನ್ ರುಚಿ ಬಂದದು ಸಾರ್? ಬೆರಕೆ ಇರ್ಬೇಕು ಕಣ್ರೀ!”

ಅದೇ ಕೈಯಲ್ಲಿ ನನ್ನ ಹಸ್ತಪ್ರತಿ ತಿರುವಿದರು. “ಕತೆ ಚೆಂದಾಗದೆ. ಆದ್ರೆ ಈರೋನೇ ಬೆರಕೆ ಅಂದ್ರೆ ಜನ ಮೂಸೂ ನೋಡಾಕಿಲ್ಲ. ಕೊನೇಲಿ ಅವ್ನು ಶುದ್ಧ ರಾಜವಂಶದೋನು, ತೊಟ್ಲಲ್ಲಿ ಅದ್ಲುಬದ್ಲಾಗಿದ್ದ ಅಂತ ಮಾಡ್ಬುಡಿ. ನಾಳೇನೇ ಪ್ರೆಸ್ಸಿಗೆ ಕೊಟ್ಬುಡ್ತೀನಿ.”

ಹೇಳುವುದು ಶಾಸ್ತ್ರ, ತಿನ್ನುವುದು ಬೆರಕೆಸೊಪ್ಪು! ಅವರ ಬೆರಳಿನ ಸಾರು ನನ್ನ ಹುಡುಗನ ಮೇಲೆ ತೊಟ್ಟಿಕ್ಕುತ್ತಿತ್ತು. ಬೇರೆ ಯಾವ ಪ್ರಕಾಶಕರೂ ಆ ಪುಸ್ತಕದತ್ತ ತಿರುಗಿ ನೋಡಿರಲಿಲ್ಲ. ಹೂಂ ಅಂದರೆ ಪುಸ್ತಕ ಬರುತ್ತದೆ, ಆದರೆ ನನ್ನ ಅಪ್ಪ ಅಮ್ಮ ಸುಳ್ಳಾಗುತ್ತಾರೆ.

“ನಾನೂ ಬೆರಕೆಯೇ ಸ್ವಾಮಿ,” ಎಂದು ಎರಡೂ ಮನೆಯ ವಿಷಯ ಹೇಳಿದೆ.

ಮುದ್ದೆ ಹಿಡಿದ ಕೈ ನಿಂತಿತು. “ಅಯ್ಯೋ, ಮೊದ್ಲೇ ಯೇಳ್ಬಾರ್ದಾಗಿತ್ತಾ?” ಎಂದವರೇ ಅಡುಗೆಮನೆಯತ್ತ ಕೂಗಿದರು: “ಲೇ, ಇವರ್ ತಟ್ಟೆ ಬ್ಯಾರೆ ಮಡುಗು!”

ನನಗೇ ಕೇಳಲಿ ಎಂಬಂತೆ ಕೂಗಿದರಲ್ಲ, ಅಸಹ್ಯ! ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು, ಹಸ್ತಪ್ರತಿ ಕಿತ್ತುಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅಪ್ಪ ಕಾಯುತ್ತಿದ್ದರು. “ಬುಕ್ ಬಂದದಾ ಬೇಟಾ?”

“ಇಲ್ಲ ಅಪ್ಪ.”

“ಆ ಹುಡ್ಗ?”

“ಅಂಗೇ ಅವ್ನೆ.”

“ಸಾಕು ಬುಡು. ಕೈ ತೊಳ್ಕೊ, ಉಣ್ಣು.”

ಅಮ್ಮ ತಟ್ಟೆ ಇಟ್ಟಳು. ಅಂದು ನಮ್ಮ ಮನೆಯಲ್ಲೂ ಬೆರಕೆಸೊಪ್ಪಿನ ಸಾರೇ, ನನಗೆ ಪ್ರಾಣವೆಂದು ಮಾಡಿದ್ದಳು. ಆ ಸಾರಿನ ವಾಸನೆಗೇ ವಾಕರಿಕೆ ಬಂದು ಎದ್ದು ಓಡಿದೆ. ಅಮ್ಮ ಸೌಟು ಹಿಡಿದು ಕೇಳುತ್ತಿದ್ದಳು, “ಯಾಕೋ, ಉಪ್ಪು ಜಾಸ್ತಿಯಾಯಿತಾ?”