ಜ್ವರ ಯಾವುದರಿಂದ ಬಂತು?

ಒದಿಲಿಯಾಳಿಗೆ ಹನ್ನೊಂದು ವರ್ಷದಿಂದ ಒಂದೇ ಗೊಂದಲ. ಅವಳ ಮಗಳು ಯಾರೆತ್ಸಿಗೆ ಜ್ಞಾನಸ್ನಾನದ ತಾಯಿಯಾಗಿ ನಿಂತವಳು ನಾನು; ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಕೂಸಿಗೆ ಲಸಿಕೆ ಹಾಕಿಸಲು ಹೋದ ದಿನ, ದೃಷ್ಟಿಯಾಗದಿರಲೆಂದು ಬೆಳಿಗ್ಗೆ ನಾನೇ ಕೈಗೆ ಕಟ್ಟಿದ್ದ ಕೆಂಪು ದಾರವನ್ನು ನರ್ಸು ಬಿಚ್ಚಿಸಿದಳು. ಸಂಜೆಗೆ ಮೈ ಕಾವಲಿಯಂತೆ ಸುಟ್ಟಿತು. ಎರಡು ದಿನ ಕೂಸು ಕಣ್ಣೇ ಬಿಡಲಿಲ್ಲ. ಜ್ವರ ಬಂದದ್ದು ಸೂಜಿಯಿಂದಲೋ, ದಾರ ಬಿಚ್ಚಿದ್ದರಿಂದಲೋ? ಆ ಹೆದರಿಕೆಗೆ ಒದಿಲಿಯಾ ತನ್ನ ಎರಡು ವರ್ಷದ ಮಗ ನೆರೆಯೊಗೆ ಒಂದು ಲಸಿಕೆಯನ್ನೂ ಹಾಕಿಸಿರಲಿಲ್ಲ. ಈಗ ಪಕ್ಕದ ಊರಿಗೆ ದಡಾರ ಬಂದಿತ್ತು.

ಪೀಚ್ ಹಣ್ಣು ಆರಿಸಿ ತುಂಬುವ ನಮ್ಮ ಶೆಡ್ಡಿನ ಹೆಂಗಸರಿಗೆ ಇಗರ್ಜಿಯ ಸಭಾಂಗಣದಲ್ಲಿ ಒಬ್ಬ ಹುಡುಗಿ ಫೋನಿನಲ್ಲೇ ಕಥೆ ಮಾಡುವುದನ್ನು ಕಲಿಸಿದಳು. ನಮ್ಮದೇ ಫೋಟೋ, ನಮ್ಮದೇ ದನಿ, ಮೂರು ನಿಮಿಷ. ಲಸಿಕೆ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಬೇಕು. ಒದಿಲಿಯಾ ದಾರದ ಕಥೆ ಹೇಳಿ, “ನಂಗೊಂದೂ ಗೊತ್ತಾಗಲ್ಲ ಕಣ್ರೇ, ಭಯ ಆಗುತ್ತೆ” ಎಂದು ಮುಗಿಸಿದಳು. ಇದನ್ನು ನೋಡಿ ಯಾವ ತಾಯಿ ತಾನೇ ಲಸಿಕೆಗೆ ಹೋದಾಳು ಎಂದುಕೊಂಡೆ.

ಒಂದೇ ವಾರದಲ್ಲಿ ನಾಲ್ವರು ಹೋಗಿ ಬಂದರು!

“ನಿಮ್ಮ ವಿಡಿಯೋ ನೋಡೇ ಹೋಗಿದ್ದು,” ಎಂದಳು ನಮ್ಮ ಸಾಲಿನಲ್ಲಿ ಹಣ್ಣು ಆರಿಸುವ ಬೆರ್ತಿಲಾ. “ದಾರದ ಚಿಂತೆ ನನ್ನಂಥ ಪೆದ್ದಿಗೆ ಮಾತ್ರ ಅಂದ್ಕೊಂಡಿದ್ದೆ. ಧೈರ್ಯ ಮಾಡಿ ಕೇಳ್ದೆ. ದಾರ ಬಿಚ್ಚದೇ ಇನ್ನೊಂದು ತೋಳಿಗೆ ಹಾಕಿದ್ರು.”

“ಅಯ್ಯೋ, ಹೋಗಿ ಅಂತ ನಾನೆಲ್ಲೇ ಹೇಳ್ದೆ? ಕೊಮಾದ್ರೆ, ಹೇಳಿದ್ನಾ?” ಒದಿಲಿಯಾ ನನ್ನತ್ತ ತಿರುಗಿದಳು.

ನನಗೆ ರೇಗಿತು. “ಊರಿಗೆಲ್ಲ ದಾರಿ ತೋರ್ಸಿ ನೀನು ಹೊಸ್ಲಲ್ಲೇ ನಿಂತ್ಕೊ! ಏಳು, ನಡಿ!”

ಮರುದಿನ ಆಸ್ಪತ್ರೆಯಲ್ಲಿ ನೆರೆಯೊನ ಎಡಗೈಯ ದಾರವನ್ನು ಅವಳು ಬಿಗಿಯಾಗಿ ಹಿಡಿದು ಕೂತಳು. ನರ್ಸು ಬಲತೋಳಿಗೆ ಚುಚ್ಚಿದಳು. ಅವನು ಕಿರುಚಿ, ಬಿಕ್ಕಿ, ಸುಮ್ಮನಾದ.

“ದಾರಾನೂ ಇದೆ, ಸೂಜಿನೂ ಆಯ್ತು,” ಎಂದಳು ಒದಿಲಿಯಾ. “ಈಗ ಜ್ವರ ಬಂದ್ರೆ ಯಾವ್ದನ್ನ ಬೈಲಿ, ಕೊಮಾದ್ರೆ?”

“ನನ್ನ ಬೈ.” ಹನ್ನೊಂದು ವರ್ಷದ ಮೇಲೆ ಹೇಳಿದೆ. “ಅವತ್ತು ದಾರ ಕಟ್ಟೋವಾಗ್ಲೇ ಯಾರೆತ್ಸಿ ಕೈ ಬೆಚ್ಚಗಿತ್ತು. ಹೇಳಿದ್ರೆ ವಾಪಸ್ ಕಳಿಸ್ತಾರೆ, ಹಾಕಿದ ರಜೆ ಹಾಳಾಗುತ್ತೆ ಅಂತ ಬಾಯಿ ಬಿಡ್ಲಿಲ್ಲ.”

ಒದಿಲಿಯಾ ಬೈಯಲಿಲ್ಲ. ಮಗನನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು.

“ಹಿಡ್ಕೊ. ಜ್ವರ ಬಂದ್ರೆ ಇಳಿಯೋವರ್ಗೂ ನೀನೇ ಕೂತಿರ್ಬೇಕು.”